ನಮ್ಮ ನಂತರ ಇವನಿಗೆ ಯಾರು?

ಪಾಸ್ಕ ಹಬ್ಬದ ನಂತರದ ವಾರಗಳಲ್ಲಿ ಮನೆಗಳನ್ನು ಮಂತ್ರಿಸಲು ಚಾಮರಾಜಪೇಟೆಯ ಬೀದಿಗಳಲ್ಲಿ ಸಾಗುವಾಗ ನಾವು ತಪ್ಪದೆ ಹೋಗುವ ಮನೆಯೊಂದಿದೆ. ತಾಯಿಗೆ ಎಪ್ಪತ್ತು ದಾಟಿದೆ. ಮಗನಿಗೆ ನಲವತ್ತು ತುಂಬಿದೆ. ಹುಟ್ಟಿನಿಂದಲೇ ಅವನ ಬುದ್ಧಿಯ ಬೆಳವಣಿಗೆ ಕುಂಠಿತವಾಗಿದೆ. ಬಲಿಪೂಜೆಯ ಗಂಟೆ ಅವನಿಗೆ ಚೆನ್ನಾಗಿ ಗೊತ್ತು, ಪೀಠದ ಮೇಣದಬತ್ತಿಗಳನ್ನು ಪ್ರತಿ ಭಾನುವಾರ ಎಣಿಸುತ್ತಾನೆ. ಆದರೆ ಒಲೆ ಹೊತ್ತಿಸಲು, ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಲು, ರಸ್ತೆ ದಾಟಲು ಇನ್ನೊಬ್ಬರ ಕೈ ಬೇಕು. ತೀರ್ಥ ಪ್ರೋಕ್ಷಣೆ ಮುಗಿದು ನಾವು ಹೊರಡುವಾಗ ಆ ತಾಯಿ ಪ್ರತಿ ವರ್ಷವೂ ಬಾಗಿಲವರೆಗೆ ಬಂದು ದನಿ ತಗ್ಗಿಸಿ ಕೇಳುತ್ತಾರೆ: "ಸ್ವಾಮಿ, ನಮ್ಮ ನಂತರ ಇವನಿಗೆ ಯಾರು?"

ಮೊದಲ ವರ್ಷ ನಾವು "ದೇವರಿದ್ದಾನೆ ತಾಯಿ" ಎಂದು ಹೇಳಿ ಬಂದೆವು. ಆ ಉತ್ತರ ಸುಳ್ಳಲ್ಲ. ಆದರೆ ಸಮಾಜದ ಪಾಲಿನ, ನಮ್ಮ ಪಾಲಿನ ಕೆಲಸವನ್ನು ದೇವರ ಹೆಗಲಿಗೆ ಏರಿಸಿ ಕೈತೊಳೆದುಕೊಂಡ ಉತ್ತರ ಅದು ಎಂಬುದು ಮನೆಗೆ ಮರಳುವ ದಾರಿಯಲ್ಲೇ ಮನಸ್ಸನ್ನು ಚುಚ್ಚಿತು.

ಸಂತ ಯೊವಾನ್ನರ ಶುಭಸಂದೇಶದಲ್ಲಿ ಬರುವ ಬೆತ್ಸಥ ಕೊಳದ ಪ್ರಸಂಗವನ್ನು ಓದುಗರು ಬಲ್ಲರು. ಅಲ್ಲಿ ಐದು ಮಂಟಪಗಳಿದ್ದವು, ಮಲಗಲು ಸ್ಥಳವಿತ್ತು, ನೀರೂ ಇತ್ತು. ಆದರೂ ಮೂವತ್ತೆಂಟು ವರ್ಷಗಳಿಂದ ರೋಗಿಯಾಗಿದ್ದವನೊಬ್ಬ ಅಲ್ಲಿ ಬಿದ್ದುಕೊಂಡೇ ಇದ್ದ. ತನ್ನನ್ನು ನೀರಿಗಿಳಿಸುವವರು ಯಾರೂ ಇಲ್ಲವೆಂಬುದೇ ಅವನು ಪ್ರಭುವಿನ ಮುಂದೆ ಇಟ್ಟ ದೂರು. ಕಟ್ಟಡವಿದ್ದೂ ಮನುಷ್ಯನಿಲ್ಲದಿದ್ದರೆ ಆಗುವ ಗತಿ ಅದು. ಅಂಗವಿಕಲರ ವಸತಿಯ ಪ್ರಶ್ನೆಯ ತಿರುಳೂ ಇದೇ.

ಸಹಾಯಸಹಿತ ವಸತಿ ಎಂದರೆ ನೂರಾರು ಮಂದಿಯನ್ನು ಒಂದೇ ಆವರಣದಲ್ಲಿ ಕೂಡಿಹಾಕುವ ಅನಾಥಾಲಯವಲ್ಲ. ಊರಿನ ನಡುವೆ, ಇತರರ ಮನೆಗಳ ಸಾಲಿನಲ್ಲೇ ಇರುವ ಸಾಮಾನ್ಯ ಮನೆ ಅದು. ಕೆಲವೇ ಮಂದಿ ಒಟ್ಟಾಗಿ ಬಾಳುತ್ತಾರೆ. ಅಡುಗೆ, ಔಷಧ, ಸ್ನಾನ, ಹಣಕಾಸು ಇವುಗಳಲ್ಲಿ ಯಾರಿಗೆ ಎಷ್ಟು ನೆರವು ಬೇಕೋ ಅಷ್ಟನ್ನು ನೀಡಲು ತರಬೇತಿ ಪಡೆದ ಸಹಾಯಕರಿರುತ್ತಾರೆ. ರಾತ್ರಿ ದೀಪ ಆರಿಸುವ ಹೊತ್ತನ್ನು ನಿಶ್ಚಯಿಸುವವರು ಯಾರು ಎಂದು ಕೇಳಿದರೆ ಸಾಕು, ಮನೆಗೂ ಸಂಸ್ಥೆಗೂ ಇರುವ ಅಂತರ ತಿಳಿಯುತ್ತದೆ.

ನಮ್ಮ ನಗರಕ್ಕೆ ಇದು ಹೊಸತಲ್ಲ. 1964ರಲ್ಲಿ ಆರಂಭಗೊಂಡ ಮೆಡಿಕೋ ಪ್ಯಾಸ್ಟೋರಲ್ ಅಸೋಸಿಯೇಷನ್, ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರಿಗೆ ಆಸ್ಪತ್ರೆಗೂ ಮನೆಗೂ ನಡುವಿನ ತಂಗುಮನೆಯನ್ನು ಬೆಂಗಳೂರಿನಲ್ಲಿ ನಡೆಸಿತು. 1970ರಲ್ಲಿ ಇಲ್ಲಿಯೇ ಹುಟ್ಟಿದ 'ಆಶಾ ನಿಕೇತನ' ಫ್ರಾನ್ಸಿನಲ್ಲಿ ಜೀನ್ ವನಿಯೇ ಆರಂಭಿಸಿದ ಲಾರ್ಶ್ ಸಮುದಾಯಗಳ ಮೊದಲ ಭಾರತೀಯ ಮನೆ; ಬುದ್ಧಿಮಾಂದ್ಯರೂ ಅವರ ಸಹಾಯಕರೂ ಅಲ್ಲಿ ಒಂದೇ ಮೇಜಿನಲ್ಲಿ ಉಂಡು ಬಾಳುವುದು ಕ್ರಮ. ಇಲ್ಲಿ ಒಂದು ಕಹಿ ಸತ್ಯವನ್ನೂ ಹೇಳಬೇಕು. ವನಿಯೇ 2019ರಲ್ಲಿ ತೀರಿಕೊಂಡ ಮೇಲೆ, ಅವರು ಹಲವು ಮಹಿಳೆಯರನ್ನು ಶೋಷಿಸಿದ್ದರೆಂಬ ತನಿಖಾ ವರದಿಯನ್ನು ಲಾರ್ಶ್ ಸಂಸ್ಥೆಯೇ 2020ರಲ್ಲಿ ಪ್ರಕಟಿಸಿತು. ವ್ಯಕ್ತಿಯ ಖ್ಯಾತಿಯನ್ನು ನಂಬಿ ದುರ್ಬಲರನ್ನು ಒಪ್ಪಿಸಿಬಿಡುವುದು ಸಲ್ಲದು. ಎಂಥ ಪುಣ್ಯಕಾರ್ಯಕ್ಕೂ ಹೊರಗಿನವರ ಪರಿಶೀಲನೆ ಬೇಕು ಎಂಬುದು ಅದರಿಂದ ನಾವು ಕಲಿಯಬೇಕಾದ ಪಾಠ.

ಕಾನೂನು ಈಗ ಬಹಳ ಮುಂದೆ ಸಾಗಿದೆ. ಭಾರತವು 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಒಡಂಬಡಿಕೆಯ 19ನೇ ವಿಧಿ, ಅಂಗವಿಕಲರು ಎಲ್ಲಿ, ಯಾರೊಂದಿಗೆ ಬಾಳಬೇಕೆಂಬ ಆಯ್ಕೆ ಅವರದೇ ಎನ್ನುತ್ತದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ 5ನೇ ಪ್ರಕರಣ ಅದನ್ನೇ ಹಕ್ಕಾಗಿ ಸಾರಿದೆ. 37ನೇ ಪ್ರಕರಣವು ಸರಕಾರದ ವಸತಿ ಯೋಜನೆಗಳಲ್ಲಿ ಶೇಕಡ 5ರ ಮೀಸಲಾತಿಯನ್ನು ವಿಧಿಸಿದೆ. 2017ರ ಮಾನಸಿಕ ಆರೋಗ್ಯ ಪಾಲನಾ ಅಧಿನಿಯಮವು ತಂಗುಮನೆ, ಗುಂಪುಮನೆಗಳನ್ನು ಒದಗಿಸುವ ಹೊಣೆಯನ್ನು ಸರಕಾರದ ಮೇಲೆಯೇ ಹೊರಿಸಿದೆ. 1999ರ ಶಾಸನದಿಂದ ಸ್ಥಾಪಿತವಾದ ರಾಷ್ಟ್ರೀಯ ನ್ಯಾಸವು ಆಟಿಸಂ, ಮಿದುಳಿನ ಪಾರ್ಶ್ವವಾಯು, ಬುದ್ಧಿಮಾಂದ್ಯ ಮತ್ತು ಬಹುವಿಕಲತೆಯುಳ್ಳವರಿಗಾಗಿ 'ಘರೌಂದಾ' ಎಂಬ ಗುಂಪುಮನೆಯ ಯೋಜನೆಯನ್ನು ರೂಪಿಸಿದೆ.

ಕೊರತೆಯಿರುವುದು ಹಣದಲ್ಲಿ, ಅದರಲ್ಲೂ ಒಂದು ಬಗೆಯ ಹಣದಲ್ಲಿ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದಾರೆ. ಇವರೆಲ್ಲರಿಗೂ ಸಹಾಯಸಹಿತ ವಸತಿ ಬೇಕಿಲ್ಲ. ಬೇಕಾದವರಿಗೆ ಮಾತ್ರ ಅದು ಜೀವಮಾನವಿಡೀ ಬೇಕು. ಗೋಡೆ ಎಬ್ಬಿಸಲು ಒಮ್ಮೆ ಹಣ ನೀಡಿದರಾಯಿತು, ಉದ್ಘಾಟನೆಯ ಫಲಕವೂ ಏಳುತ್ತದೆ. ಸಹಾಯಕರ ಸಂಬಳವಾದರೋ ತಿಂಗಳು ತಿಂಗಳೂ ಬೇಕು, ಅದಕ್ಕೆ ಫಲಕವಿಲ್ಲ. ಕೇಂದ್ರ ಸರಕಾರದ ಇಂದಿರಾ ಗಾಂಧಿ ಅಂಗವಿಕಲ ಪಿಂಚಣಿಯಲ್ಲಿ ಕೇಂದ್ರದ ಪಾಲಾಗಿ 2012ರಲ್ಲಿ ನಿಗದಿಯಾದದ್ದು ತಿಂಗಳಿಗೆ 300 ರೂಪಾಯಿ. ಅದೂ ಬಡತನದ ರೇಖೆಯ ಕೆಳಗಿದ್ದು ಶೇಕಡ 80ರಷ್ಟು ವಿಕಲತೆ ಉಳ್ಳವರಿಗೆ. ರಾಜ್ಯ ತನ್ನ ಪಾಲನ್ನು ಸೇರಿಸಿದರೂ, ಆ ಮೊತ್ತದಿಂದ ಸಹಾಯಕನೊಬ್ಬನನ್ನು ಇರಿಸಿಕೊಳ್ಳುವುದು ಅಸಾಧ್ಯ. ಸುವಾರ್ತೆಯ ಸಮಾರ್ಯದವನು ಗಾಯಾಳುವನ್ನು ಛತ್ರಕ್ಕೆ ಸೇರಿಸಿ ಎರಡು ನಾಣ್ಯ ಕೊಟ್ಟು ಸುಮ್ಮನಾಗಲಿಲ್ಲ. ಮುಂದೆ ತಗಲುವ ವೆಚ್ಚವನ್ನೂ ತಾನೇ ಭರಿಸುವುದಾಗಿ ಛತ್ರದವನಿಗೆ ಮಾತು ಕೊಟ್ಟ. ನಮ್ಮ ಆಯವ್ಯಯಗಳಲ್ಲಿ ಕಾಣದಿರುವುದು ಆ ಎರಡನೆಯ ಮಾತು.

"ಮಕ್ಕಳನ್ನು ನೋಡಿಕೊಳ್ಳುವುದು ಕುಟುಂಬದ ಕರ್ತವ್ಯವಲ್ಲವೇ? ಸರಕಾರವೇಕೆ ನಡುವೆ ಬರಬೇಕು?" ಎಂದು ಕೇಳುವವರು ನಮ್ಮಲ್ಲೇ ಇದ್ದಾರೆ. ಪ್ರಶ್ನೆ ನ್ಯಾಯವಾದದ್ದು. 1931ರಲ್ಲಿ ಜಗದ್ಗುರು ಹನ್ನೊಂದನೇ ಭಕ್ತಿನಾಥರು ತಮ್ಮ ವಿಶ್ವಪತ್ರದಲ್ಲಿ ಇದಕ್ಕೊಂದು ತತ್ತ್ವವನ್ನು ನಿರೂಪಿಸಿದರು: ಸಣ್ಣ ಸಮುದಾಯವು ತಾನೇ ಮಾಡಬಲ್ಲದ್ದನ್ನು ದೊಡ್ಡದು ಕಸಿಯಬಾರದು, ಬದಲಾಗಿ ಅದಕ್ಕೆ ನೆರವಾಗಬೇಕು. ನಲವತ್ತು ವರ್ಷ ಮಗನನ್ನು ಸಾಕಿದ ತಾಯಿ ತನ್ನ ಕರ್ತವ್ಯವನ್ನು ಮೀರಿಯೇ ಮಾಡಿದ್ದಾರೆ. ಆಕೆಯಿಂದ ಆಗದ ಕೆಲಸವೊಂದೇ, ಮರಣಾನಂತರವೂ ಬದುಕಿರುವುದು. ಅಲ್ಲಿಗೆ ಕುಟುಂಬದ ಶಕ್ತಿ ಮುಗಿಯುತ್ತದೆ, ಸಮಾಜದ ಹೊಣೆ ಆರಂಭವಾಗುತ್ತದೆ.

ಇದು ದಾನವೂ ಅಲ್ಲ. ಅವರವರಿಗೆ ಸಲ್ಲಬೇಕಾದುದನ್ನು ಸಲ್ಲಿಸುವುದೇ ನ್ಯಾಯವೆಂದು ಸಂತ ತೋಮಾಸ್ ಅಕ್ವಿನಾಸರು ಬೋಧಿಸಿದರು. ನಮ್ಮ ನೆರೆಯ ಮಿಂಟೋ ಆಸ್ಪತ್ರೆಯಲ್ಲಿ ಸಾರ್ವಜನಿಕ ವೆಚ್ಚದಿಂದ ಕಣ್ಣಿನ ಚಿಕಿತ್ಸೆ ಪಡೆಯುವವರನ್ನು ಯಾರೂ ಭಿಕ್ಷುಕರೆನ್ನುವುದಿಲ್ಲ. ಚಾಮರಾಜಪೇಟೆಯೇ 1892ರಲ್ಲಿ ಮೈಸೂರು ಸರಕಾರ ಯೋಜಿಸಿ ಹಾಕಿಸಿದ ಬಡಾವಣೆ. 1898ರಲ್ಲಿ ಪ್ಲೇಗು ಬಂದಾಗ ಬಸವನಗುಡಿ, ಮಲ್ಲೇಶ್ವರಗಳು ಎದ್ದವು. ಜನ ವಾಸಕ್ಕೆ ಕಷ್ಟಪಟ್ಟಾಗ ಸರಕಾರ ಕೈಕಟ್ಟಿ ಕೂರಲಿಲ್ಲವೆಂಬುದಕ್ಕೆ ನಾವು ನಡೆಯುವ ಬೀದಿಗಳೇ ಸಾಕ್ಷಿ.

ಸರಕಾರವೂ ಸಮಾಜವೂ ಕೈಬಿಟ್ಟರೆ ಏನಾಗುತ್ತದೆಂಬುದನ್ನು 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಕಂಡೆವು. ಖಾಸಗಿ ಆಶ್ರಯವೊಂದರ ಗುಡಿಸಲಿಗೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಬಿಗಿದಿದ್ದ ಮಾನಸಿಕ ರೋಗಿಗಳು ಓಡಲಾರದೆ ಸುಟ್ಟುಹೋದರು. ಸತ್ತವರು 28 ಮಂದಿ.

ಹಾಗಾದರೆ ನಾವು ಮಾಡಬೇಕಾದುದೇನು? ಮೊದಲನೆಯದಾಗಿ, ಇಂಥ ಮಕ್ಕಳಿರುವ ತಂದೆತಾಯಂದಿರು ನಾಚಿಕೆ ಬಿಟ್ಟು ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಯನ್ನು ಮಾಡಿಸಲಿ. ರಾಷ್ಟ್ರೀಯ ನ್ಯಾಸದ ವ್ಯಾಪ್ತಿಗೆ ಸೇರಿದವರಾದರೆ ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಸಮಿತಿಯ ಮುಂದೆ, ತಾವು ಬದುಕಿರುವಾಗಲೇ, ಪಾಲಕರ ನೇಮಕಕ್ಕೆ ಅರ್ಜಿ ಸಲ್ಲಿಸಲಿ. ಎರಡನೆಯದಾಗಿ, ಮತ ಕೇಳಲು ಬರುವ ಅಭ್ಯರ್ಥಿಗೆ ರಸ್ತೆ, ಚರಂಡಿಗಳ ಜೊತೆ ಈ ಪ್ರಶ್ನೆಯನ್ನೂ ಹಾಕೋಣ: ಗುಂಪುಮನೆಗಳ ಸಹಾಯಕರ ಸಂಬಳಕ್ಕೆ ಆಯವ್ಯಯದಲ್ಲಿ ಎಷ್ಟಿಟ್ಟಿದ್ದೀರಿ? ಮೂರನೆಯದು ನಮ್ಮ ಮನಸ್ಸಿನದು. ನಾಳೆ ಪಕ್ಕದ ಮನೆಯೇ ಇಂಥ ಗುಂಪುಮನೆಯಾದರೆ, ಬಾಡಿಗೆಗೆ ಕೊಡಬೇಡಿರೆಂದು ಮಾಲೀಕರ ಬಳಿ ದೂರು ಒಯ್ಯುವವರು ನಾವಾಗದಿರೋಣ. ಕ್ರಿಸ್ಮಸ್ಸಿಗೆ ಕೇಕು ಹಂಚುವುದು ಸುಲಭ. ವರ್ಷವಿಡೀ ನೆರೆಯವರಾಗಿರುವುದು ಕಷ್ಟ.

ಈ ವರ್ಷ ಆ ತಾಯಿ ಮತ್ತೆ ಕೇಳಿದಾಗ ನಾವು ಹಳೆಯ ಉತ್ತರ ಕೊಡಲಿಲ್ಲ. ಕುಳಿತು, ಅರ್ಜಿಯ ನಮೂನೆಯನ್ನು ಒಟ್ಟಿಗೆ ತುಂಬಿದೆವು. ಪಾಲಕರ ಹೆಸರಿನ ಸಾಲು ಇನ್ನೂ ಖಾಲಿಯಿದೆ. ನಮ್ಮ ಧರ್ಮಕೇಂದ್ರದ ಪ್ರತಿಯೊಂದು ಕುಟುಂಬವೂ ಆ ಖಾಲಿ ಸಾಲಿನ ಬಗ್ಗೆ ಯೋಚಿಸಲೆಂದು ಪ್ರಾರ್ಥಿಸುತ್ತೇವೆ.