ಹಣೆಯಿಂದ ಇಳಿದ ಮೂಗು

1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಎಂಬ ಮರಾಠ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕ. ಅವರು ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿ ಬಿಟ್ಟರು. ಅವನು ಶ್ರೀರಂಗಪಟ್ಟಣದ ಹತ್ತಿರ ಬಾಂಬೆ ಸೈನ್ಯ ಸೇರಿಕೊಂಡ. ಮೂಗಿಲ್ಲದೆ ವರ್ಷ ಕಳೆಯಿತು. ಆಮೇಲೆ ಪುಣೆಯ ಹತ್ತಿರ, ಇಟ್ಟಿಗೆ ಮಾಡುವ ಜಾತಿಯವನೊಬ್ಬ ಅವನಿಗೆ ಹೊಸ ಮೂಗು ಮಾಡಿಕೊಟ್ಟ.

ಮೊದಲು ಮೇಣದ ತೆಳು ಹಾಳೆಯನ್ನು ಮೂಗಿನ ಮೋಟಿನ ಮೇಲೆ ಕೂರಿಸಿ ಆಕಾರ ಕೊಟ್ಟ. ಅದನ್ನೇ ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆದ. ಗೆರೆಯೊಳಗಿನ ತೊಗಲನ್ನು ಬಿಡಿಸಿದ, ಆದರೆ ಪೂರ್ತಿ ಅಲ್ಲ: ಎರಡು ಕಣ್ಣುಗಳ ನಡುವೆ ಸಣ್ಣದೊಂದು ತೊಟ್ಟು ಉಳಿಸಿದ. ಅಸಲು ಜಾಣತನವೆಲ್ಲ ಆ ತೊಟ್ಟಿನಲ್ಲಿದೆ. ಹೊಸ ಜಾಗದಲ್ಲಿ ತೊಗಲು ಕೂಡಿಕೊಳ್ಳುವವರೆಗೆ ರಕ್ತ ಹರಿಯಬೇಕಾದ್ದು ಅದರೊಳಗೇ. ಕಡಿದು ತಂದಿದ್ದರೆ ಕೊಳೆತುಹೋಗುತ್ತಿತ್ತು. ತೊಗಲನ್ನು ತಿರುಚಿ ಕೆಳಗಿಳಿಸಿ, ಮೋಟಿನ ಸುತ್ತ ಕೊಯ್ದ ಸೀಳಿನೊಳಗೆ ಅಂಚು ತೂರಿಸಿದ. ಹೊಲಿಗೆಯ ಮಾತೇ ಇಲ್ಲ; ನೀರಲ್ಲಿ ಕಲಸಿದ ಕಾಚು ಸವರಿದ ಬಟ್ಟೆಪಟ್ಟಿಗಳನ್ನು ಒಂದರ ಮೇಲೊಂದು ಹೊದಿಸಿದ. ನಾಲ್ಕು ದಿನದ ಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ಹತ್ತನೆಯ ದಿನ ಹೊಳ್ಳೆಗಳು ಮುಚ್ಚದಂತೆ ಒಳಗೆ ಮೆತ್ತನೆಯ ಬಟ್ಟೆ. ಸುಮಾರು ಇಪ್ಪತ್ತೈದನೆಯ ದಿನ ತೊಟ್ಟಿಗೆ ಕತ್ತರಿ.

ಇದನ್ನು ನೋಡಿದವರಲ್ಲಿ ಥಾಮಸ್ ಕ್ರೂಸೋ, ಜೇಮ್ಸ್ ಫಿಂಡ್ಲೆ ಎಂಬ ಇಂಗ್ಲಿಷ್ ವೈದ್ಯರಿದ್ದರು. ಜೇಮ್ಸ್ ವೇಲ್ಸ್ ಕಾವಸ್‌ಜಿಯ ಚಿತ್ರ ಬರೆದ. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ ಎಲ್ಲ ವಿವರ ಅಚ್ಚುಹಾಕಿತು. ನೋಡಿದವರ ಹೆಸರಿದೆ, ರೋಗಿಯ ಹೆಸರಿದೆ. ಮೂಗು ಮಾಡಿದವನದಿಲ್ಲ, ಜಾತಿ ಮಾತ್ರ ಇದೆ.

ನಾವೋ ಮೂಗಿನ ಮಾತು ಬಂದೊಡನೆ ಸುಶ್ರುತನ ಹೆಸರು ಎತ್ತುತ್ತೇವೆ. ಸರಿಯೇ. ಆದರೆ ಸುಶ್ರುತ ಸಂಹಿತೆ ಹೇಳುವುದು ಎಲೆಯ ಅಳತೆ, ಕೆನ್ನೆಯ ತೊಗಲು. ಲಂಡನ್ನಿನ ಶಸ್ತ್ರವೈದ್ಯ ಜೋಸೆಫ್ ಕಾರ್ಪ್ಯೂ ಕಲಿತದ್ದು ಪುಣೆಯವನ ಹಣೆಯ ವಿದ್ಯೆ. ಅವನು ವರ್ಷಗಟ್ಟಲೆ ಹೆಣಗಳ ಮೇಲೆ ಕೈ ಪಳಗಿಸಿ, 1814ರಲ್ಲಿ, ಪಾದರಸದ ಔಷಧಿಯಿಂದ ಮೂಗು ಕಳಕೊಂಡ ಸೇನಾಧಿಕಾರಿಯೊಬ್ಬನಿಗೆ ಇದನ್ನೇ ಮಾಡಿದ. ಅರಿವಳಿಕೆ ಇನ್ನೂ ಬಂದಿರಲಿಲ್ಲ. ಅಧಿಕಾರಿ ಎಚ್ಚರವಾಗಿಯೇ ಎಲ್ಲ ಸಹಿಸಿದ. 1816ರಲ್ಲಿ ಕಾರ್ಪ್ಯೂ ಪುಸ್ತಕ ಬರೆದ ಮೇಲೆ ವಿದ್ಯೆ ಯುರೋಪಿನಲ್ಲೆಲ್ಲ ಹಬ್ಬಿತು.

ಚರ್ಮದ ಕ್ಯಾನ್ಸರಿಗೆ ಮೂಗಿನ ಭಾಗ ಕಳಕೊಂಡವರಿಗೆ ಪ್ಲಾಸ್ಟಿಕ್ ಸರ್ಜನರು ಇಂದಿಗೂ ಹಣೆಯ ತೊಗಲನ್ನೇ ಇಳಿಸುತ್ತಾರೆ. ಹುಬ್ಬಿನ ಒಳತುದಿಯಲ್ಲಿ ಮೇಲೇರುವ ರಕ್ತನಾಳವನ್ನು ಬೇಕಾದರೆ ಡಾಪ್ಲರ್ ಯಂತ್ರದಿಂದ ಹುಡುಕಿ ಗುರುತು ಹಾಕಿಕೊಳ್ಳುತ್ತಾರೆ. ತೊಟ್ಟು ಕತ್ತರಿಸುವುದು ಸಾಮಾನ್ಯವಾಗಿ ಮೂರು ವಾರ ಕಾದ ಮೇಲೆ.