ದಿನಕ್ಕೊಂದು ಚಿತ್ರ

ಶಿವಮೊಗ್ಗೆಯಿಂದ ಭದ್ರಾವತಿಗೆ ಹೋಗುವ ಹೆದ್ದಾರಿಯಲ್ಲಿ ಮಾಚೇನಹಳ್ಳಿ ಇದೆ. ತುಂಗೆಯ ದಡದ ಊರು ಒಂದು ಕಡೆ, ಭದ್ರೆಯ ದಡದ ಊರು ಇನ್ನೊಂದು ಕಡೆ. ನಡುವೆ ಈ ಹಳ್ಳಿ. ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಹಾಲು ಒಕ್ಕೂಟದ ಡೈರಿ ಇರುವುದು ಇಲ್ಲಿಯೇ. ಬೆಳಕು ಹರಿಯುವ ಮೊದಲೇ ಹಾಲಿನ ವಾಹನಗಳು ರಸ್ತೆ ಹಿಡಿಯುತ್ತವೆ. ಅದೇ ಹೊತ್ತಿನಲ್ಲಿ ಮನೆಯೊಡತಿ ಬಾಗಿಲ ಮುಂದೆ ಗುಡಿಸಿ, ನೀರು ಚಿಮುಕಿಸಿ, ಚುಕ್ಕಿಯಿಟ್ಟು ರಂಗವಲ್ಲಿ ಎಳೆಯುತ್ತಾಳೆ. ಮಧ್ಯಾಹ್ನದೊಳಗೆ ಮಕ್ಕಳ ಕಾಲು, ಸೈಕಲ್ಲಿನ ಚಕ್ರ, ದಾರಿಯ ಧೂಳು ಮೂರೂ ಸೇರಿ ಅದನ್ನು ಅಳಿಸಿಬಿಡುತ್ತವೆ. ಮರುದಿನ ಮತ್ತೊಂದು ರಂಗವಲ್ಲಿ.

ಮದುವೆಯಾಗಿ ಬಂದ ಸೊಸೆ ಮೂವತ್ತು ವರ್ಷ ಹೀಗೆ ರಂಗವಲ್ಲಿ ಹಾಕಿದರೆ ಅವುಗಳ ಸಂಖ್ಯೆ 10,000ವನ್ನು ಮೀರುತ್ತದೆ. ಅವುಗಳಲ್ಲಿ ಎಷ್ಟರ ಛಾಯಾಚಿತ್ರ ಮನೆಯಲ್ಲಿ ಉಳಿದಿದೆ? ಬೀರುವಿನ ಆಲ್ಬಮ್ಮನ್ನು ತೆರೆದು ನೋಡಿದರೆ ಉತ್ತರ ಸಿಕ್ಕುತ್ತದೆ. ಧಾರೆ, ನಾಮಕರಣ, ಉಪನಯನ, ಗೃಹಪ್ರವೇಶ, ಒಂದು ಧರ್ಮಸ್ಥಳದ ಯಾತ್ರೆ, ಇನ್ನೊಂದು ಜೋಗದ ಪ್ರವಾಸ. ಎಲ್ಲರೂ ಹೊಸ ಬಟ್ಟೆ ಉಟ್ಟು, ಉಸಿರು ಬಿಗಿಹಿಡಿದು ನಿಂತಿದ್ದಾರೆ. ಬದುಕಿನಲ್ಲಿ ಇಪ್ಪತ್ತು ಹಬ್ಬದ ದಿನಗಳು ಮಾತ್ರ ಇದ್ದುವೋ ಎನ್ನುವಂತಿದೆ ಆ ಆಲ್ಬಮ್. ಮಿಕ್ಕ ಸಾವಿರಾರು ದಿನಗಳು ಎಲ್ಲಿ ಹೋದುವು?

ಕಿಟಕಿಯಿಂದ ಹುಟ್ಟಿದ ಕಲೆ

ಛಾಯಾಚಿತ್ರ ಕಲೆ ಹುಟ್ಟಿದ್ದು ಹಬ್ಬದ ಮನೆಯಲ್ಲಿ ಅಲ್ಲ. ದಿನನಿತ್ಯದ ಮನೆಯ ಕಿಟಕಿಯಲ್ಲಿ. ಇಂದಿಗೂ ಉಳಿದುಬಂದಿರುವ ಕ್ಯಾಮರಾ ಚಿತ್ರಗಳಲ್ಲಿ ಅತ್ಯಂತ ಹಳೆಯದನ್ನು ಫ್ರಾನ್ಸಿನ ನಿಸೆಫೋರ್ ನಿಯೆಪ್ಸ್ ಎಂಬಾತ 1826 ಅಥವಾ 1827ರಲ್ಲಿ ತೆಗೆದ. ಅದು ಅವನ ಹಳ್ಳಿಯ ಮನೆಯ ಕಿಟಕಿಯಿಂದ ಕಾಣುತ್ತಿದ್ದ ಮಾಡು, ಗೋಡೆಗಳ ನೋಟ. ಲೋಹದ ಹಲಗೆಗೆ ಡಾಂಬರಿನ ಜಾತಿಯ ಲೇಪ ಬಳಿದು, ಗಂಟೆಗಟ್ಟಲೆ ಬೆಳಕಿಗೆ ಒಡ್ಡಿ ಅದನ್ನು ಪಡೆದ. 1835ರಲ್ಲಿ ಇಂಗ್ಲೆಂಡಿನ ಫಾಕ್ಸ್ ಟಾಲ್ಬಟ್ ಕಾಗದದ ಮೇಲೆ ನೆಗೆಟಿವ್ ಚಿತ್ರವನ್ನು ಮೂಡಿಸಿದಾಗ, ಅವನೂ ಆರಿಸಿಕೊಂಡದ್ದು ತನ್ನ ಮನೆಯ ಒಂದು ಕಿಟಕಿಯನ್ನೇ.

ಇವೆರಡಕ್ಕಿಂತ ಸ್ವಾರಸ್ಯವಾದುದು 1838ರಲ್ಲಿ ಡಾಗೇರ್ ಪ್ಯಾರಿಸ್ಸಿನಲ್ಲಿ ತೆಗೆದ ಬೀದಿಯ ಚಿತ್ರ. ಅದು ಜನದಟ್ಟಣೆಯ ಬೀದಿ. ಆದರೆ ಆ ಕಾಲದಲ್ಲಿ ಒಂದು ಚಿತ್ರ ಮೂಡಲು ಹಲವು ನಿಮಿಷಗಳೇ ಬೇಕಾಗಿದ್ದುವು. ಓಡಾಡುತ್ತಿದ್ದ ಗಾಡಿಗಳೂ ಜನರೂ ಹಲಗೆಯ ಮೇಲೆ ನಿಲ್ಲದೆ ಮಾಯವಾದರು. ಒಂದೆಡೆ ನಿಂತು ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತಿದ್ದ ಒಬ್ಬಾತ ಮಾತ್ರ ಉಳಿದುಕೊಂಡ. ಛಾಯಾಚಿತ್ರದಲ್ಲಿ ಮೊಟ್ಟಮೊದಲು ಕಾಣಿಸಿಕೊಂಡ ಮನುಷ್ಯರಲ್ಲಿ ಅವನೊಬ್ಬನೆಂದು ಹೇಳುತ್ತಾರೆ. ಅವನು ರಾಜನಲ್ಲ, ಸೇನಾಪತಿಯಲ್ಲ. ಅವನ ಹೆಸರೂ ಯಾರಿಗೂ ತಿಳಿಯದು.

ಕನ್ನಡ ನಾಡಿಗೆ ಕ್ಯಾಮರಾ ಬಂದಾಗ ಅದರ ಕಣ್ಣು ಹರಿದದ್ದು ಕಲ್ಲಿನ ಮೇಲೆ. 1850ರ ದಶಕದಲ್ಲಿ ಥಾಮಸ್ ಬಿಗ್ಸ್ ಬಿಜಾಪುರ, ಬಾದಾಮಿ, ಐಹೊಳೆಗಳನ್ನು ಚಿತ್ರಿಸಿದ. ಆಂಡ್ರ್ಯೂ ನೀಲ್ ಬೇಲೂರು, ಹಳೇಬೀಡುಗಳ ಗುಡಿಗಳನ್ನು ಚಿತ್ರಿಸಿದ. ಆ ಕಂಬ, ಆ ಶಿಲಾಬಾಲಿಕೆಯರು ಈಗಲೂ ಅಲ್ಲಿಯೇ ಇದ್ದಾರೆ. ಆದರೆ ಆ ದಿನ ಗುಡಿಯ ಹಿಂದಿನ ಓಣಿಯಲ್ಲಿ ರಾಗಿ ಬೀಸುತ್ತಿದ್ದ ಹೆಂಗಸನ್ನು ನೋಡಬೇಕೆಂದರೆ ಎಲ್ಲಿಗೆ ಹೋಗುವುದು? ಕಲ್ಲು ಕಾಯುತ್ತದೆ, ಮನುಷ್ಯರು ಕಾಯುವುದಿಲ್ಲ.

ಮುಂದೆ ಕ್ಯಾಮರಾ ಮಧ್ಯಮ ವರ್ಗದ ಮನೆಗಳಿಗೂ ಬಂತು. ಒಂದು ಕಾಲಕ್ಕೆ ನಮ್ಮ ದೇಶದಲ್ಲಿ ಮನೆಮಾತಾಗಿದ್ದ ಆಗ್ಫಾ ಕ್ಲಿಕ್ ಕ್ಯಾಮರಾದಲ್ಲಿ ಒಂದು ಸುರುಳಿಗೆ ಹನ್ನೆರಡೇ ಚಿತ್ರಗಳು. ಫಿಲ್ಮಿಗೆ ಹಣ, ತೊಳೆಸುವುದಕ್ಕೆ ಹಣ, ಅಚ್ಚು ಹಾಕಿಸುವುದಕ್ಕೆ ಮತ್ತೆ ಹಣ. ಹನ್ನೆರಡರಲ್ಲಿ ಒಂದನ್ನು ಒಗ್ಗರಣೆ ಹಾಕುತ್ತಿರುವ ಅತ್ತೆಯ ಮೇಲೆ ವ್ಯಯಮಾಡುವ ಧೈರ್ಯ ಯಾವ ಮನೆಯ ಯಜಮಾನನಿಗೆ ಇದ್ದೀತು? ಹಾಗಾಗಿ ಯುಗಾದಿಯಿಂದ ದೀಪಾವಳಿಯವರೆಗೆ ಒಂದೇ ಸುರುಳಿ ಕ್ಯಾಮರಾದೊಳಗೆ ಕುಳಿತಿರುತ್ತಿದ್ದುದೂ ಉಂಟು.

ಸಾಮಾನ್ಯರ ಚಿತ್ರಕಾರ

ಈ ಕಟ್ಟುಪಾಡನ್ನು ಮೀರಿ ಸಾಮಾನ್ಯರ ಸಾಮಾನ್ಯ ದಿನಗಳಿಗೆ ಕಣ್ಣು ಕೊಟ್ಟ ಕನ್ನಡಿಗರಲ್ಲಿ ಮೈಸೂರಿನ ಟಿ. ಎಸ್. ಸತ್ಯನ್ ಅಗ್ರಗಣ್ಯರು. 1923ರಲ್ಲಿ ಜನಿಸಿದ ಅವರು 1948ರಲ್ಲಿ ಡೆಕ್ಕನ್ ಹೆರಾಲ್ಡ್ ಪತ್ರಿಕೆಯ ಛಾಯಾಗ್ರಾಹಕರಾದರು. ಮುಂದೆ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್‌ಗಳಿಗಾಗಿ ಊರೂರು ಸುತ್ತಿದರು. 1977ರಲ್ಲಿ ಪದ್ಮಶ್ರೀ ಬಂತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರದಲ್ಲಿ ಪ್ರದರ್ಶನಗೊಂಡುವು. ದೊಡ್ಡವರನ್ನು ಅವರು ಚಿತ್ರಿಸಲಿಲ್ಲವೆಂದಲ್ಲ. ಆದರೆ ಅವರ ಹೆಸರನ್ನು ಉಳಿಸಿರುವುದು ಶಾಲೆಯ ಮಕ್ಕಳು, ಬೀದಿಯ ವ್ಯಾಪಾರಿಗಳು, ದುಡಿಯುವ ಹೆಂಗಸರು. 2009ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಜೀವನವನ್ನು ಅವರು ಬರಹದಲ್ಲಿಯೂ ದಾಖಲಿಸಿದರು. ಆ ಕನ್ನಡ ಪುಸ್ತಕದ ಹೆಸರು ‘ಕಾಲಕ್ಕೆ ಕನ್ನಡಿ’. ಛಾಯಾಚಿತ್ರವೆಂದರೇನು ಎಂಬ ಪ್ರಶ್ನೆಗೆ ಎರಡು ಪದಗಳ ಉತ್ತರ ಅದರಲ್ಲಿಯೇ ಇದೆ.

ಒಬ್ಬನ 18 ವರ್ಷ

ಸತ್ಯನ್ ಅವರಿಗೆ ಅದು ವೃತ್ತಿ. ವೃತ್ತಿಗಾಗಿ ಅಲ್ಲದೆ, ಬರಿಯ ವ್ರತದಂತೆ ದಿನಕ್ಕೊಂದು ಚಿತ್ರ ತೆಗೆದವನೊಬ್ಬ ಅಮೆರಿಕದಲ್ಲಿದ್ದ. ಅವನ ಹೆಸರು ಜೇಮೀ ಲಿವಿಂಗ್‌ಸ್ಟನ್. 1979ರ ಮಾರ್ಚ್ 31ರಂದು, ಬಾರ್ಡ್ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗ, ಪೋಲರಾಯ್ಡ್ ಕ್ಯಾಮರಾದಲ್ಲಿ ಮೊದಲ ಚಿತ್ರವನ್ನು ತೆಗೆದ. ಅದು ತೆಗೆದೊಡನೆ ತಾನಾಗಿಯೇ ಕಾಗದದ ಮೇಲೆ ಮೂಡುವ ಚಿತ್ರ. ದಿನಕ್ಕೆ ಒಂದು ಎಂಬುದು ಅವನ ನಿಯಮ. ಊಟದ ಮೇಜು, ನಗುವ ಗೆಳೆಯ, ಖಾಲಿ ಕೋಣೆ, ಏನೂ ನಡೆಯದ ಸಂಜೆ ಎಲ್ಲಕ್ಕೂ ಅದರಲ್ಲಿ ಜಾಗವಿತ್ತು. ಹದಿನೆಂಟು ವರ್ಷಗಳಲ್ಲಿ ಚಿತ್ರಗಳ ಸಂಖ್ಯೆ 6,000ವನ್ನು ದಾಟಿತು.

ಕೊನೆಯ ತಿಂಗಳುಗಳ ಚಿತ್ರಗಳಲ್ಲಿ ಆಸ್ಪತ್ರೆ ಕಾಣಿಸಿಕೊಳ್ಳುತ್ತದೆ. ಅವನನ್ನು ಕ್ಯಾನ್ಸರ್ ಹಿಡಿದಿತ್ತು. ಸಾವಿಗೆ ಕೆಲವೇ ವಾರಗಳ ಮುಂಚೆ ಅವನ ಮದುವೆಯಾಯಿತು. ಅದರ ಚಿತ್ರವೂ ಇದೆ. 1997ರ ಅಕ್ಟೋಬರ್ 25, ಅವನ 41ನೆಯ ಹುಟ್ಟುಹಬ್ಬ. ಅಂದೇ ಅವನು ತೀರಿಕೊಂಡ. ಆ ದಿನದ ಚಿತ್ರವನ್ನೂ ಗೆಳೆಯರು ತಪ್ಪಿಸಲಿಲ್ಲ. ಹತ್ತು ವರ್ಷಗಳ ಮೇಲೆ, 2007ರಲ್ಲಿ, ಅವರೇ ಎಲ್ಲ ಚಿತ್ರಗಳನ್ನೂ ಕಾಲಾನುಕ್ರಮದಲ್ಲಿ ಜೋಡಿಸಿ ಅವನು ಓದಿದ್ದ ಕಾಲೇಜಿನಲ್ಲಿ ಪ್ರದರ್ಶಿಸಿದರು.

ಆ ಚಿತ್ರಗಳಲ್ಲಿ ಒಂದನ್ನು ಬಿಡಿಸಿ ನೋಡಿದರೆ ವಿಶೇಷವೇನೂ ಕಾಣದಿರಬಹುದು. ಸಾಲಾಗಿ ನೋಡಿದಾಗ ಮಾತ್ರ ಒಬ್ಬ ಮನುಷ್ಯ ಬಾಳಿ ಹೋದ ಬಗೆ ಕಣ್ಣಿಗೆ ಕಟ್ಟುತ್ತದೆ. ಒಂದು ಹೂವಿನಿಂದ ಮಾಲೆಯಾಗದು. ಮಾಲೆಯಾದ ಮೇಲೆ ಒಂದು ಹೂವೂ ವ್ಯರ್ಥವಾಗದು.

ಮನೆಯ ಸುತ್ತಲಿನ ಲೋಕ

ಮತ್ತೆ ಮಾಚೇನಹಳ್ಳಿಯ ಹಾದಿಗೆ ಬರೋಣ. ಈ ಹಾದಿ ಕಂಡಿರುವ ಬದಲಾವಣೆ ಸಾಮಾನ್ಯವಾದುದಲ್ಲ. ಬೀರೂರಿನಿಂದ ಶಿವಮೊಗ್ಗೆಗೆ ರೈಲು ಬಂದದ್ದು 1899ರಲ್ಲಿ. ಬೆಂಕೀಪುರವೆಂದು ಕರೆಯುತ್ತಿದ್ದ ಭದ್ರಾವತಿಯಲ್ಲಿ 1918ರಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಮೊದಲಾಯಿತು. 1923ರಲ್ಲಿ ಅದರ ಕುಲುಮೆಯಿಂದ ಕಬ್ಬಿಣ ಹರಿಯಿತು. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಅದು ಹೊತ್ತಿತು. 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಈ ಎರಡರ ಪಾಳಿಗಳಿಗೆ ತಕ್ಕಂತೆ ಅನೇಕ ಮನೆಗಳಲ್ಲಿ ಒಲೆ ಹೊತ್ತುತ್ತಿತ್ತು, ದೀಪ ಆರುತ್ತಿತ್ತು. ಸೈಕಲ್ಲಿನ ಹ್ಯಾಂಡಲಿಗೆ ಬುತ್ತಿ ತೂಗುಹಾಕಿಕೊಂಡು ಕೆಲಸಕ್ಕೆ ಹೋಗುವುದು ಎಷ್ಟು ಸಹಜವೆಂದರೆ ಅದನ್ನು ಯಾರೂ ನಿಂತು ನೋಡುತ್ತಿರಲಿಲ್ಲ.

ಕಾಗದದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತಿತು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದಾಗ ಕಾರ್ಮಿಕರು ಹೋರಾಟಕ್ಕಿಳಿದರು. ಮರು ತಿಂಗಳು, ಫೆಬ್ರವರಿ 27ರಂದು, ಶಿವಮೊಗ್ಗೆಗೆ ಸಮೀಪದ ಸೋಗಾನೆಯಲ್ಲಿ ವಿಮಾನ ನಿಲ್ದಾಣದ ಉದ್ಘಾಟನೆಯಾಯಿತು. ಮಾಚೇನಹಳ್ಳಿಯಲ್ಲಿ ಕೈಗಾರಿಕಾ ಪ್ರದೇಶ ಎದ್ದಿದೆ; ಮೀಸಲು ಪೊಲೀಸ್ ಪಡೆಯ 8ನೆಯ ಬೆಟಾಲಿಯನ್ ನೆಲೆಸಿದೆ. ಉದ್ಘಾಟನೆಯ ಚಿತ್ರಗಳು ಪತ್ರಿಕೆಗಳಲ್ಲಿ ಬಂದುವು. ಕೊನೆಯ ಪಾಳಿ ಮುಗಿಸಿ ಬಂದ ತಂದೆ ಬುತ್ತಿಯ ಡಬ್ಬಿಯನ್ನು ಅಡಿಗೆಮನೆಯಲ್ಲಿಟ್ಟ ಚಿತ್ರ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಅದನ್ನು ಮನೆಯವರೇ ತೆಗೆದಿರಬೇಕು.

ಆರಂಭಕ್ಕೆ ಸಮಾರಂಭವುಂಟು, ಮುಗಿಯುವುದಕ್ಕೆ ಇಲ್ಲ. ಬೀಸುವ ಕಲ್ಲನ್ನು ಕೊನೆಯ ಬಾರಿ ತಿರುಗಿಸಿದ ದಿನ ಯಾರಿಗೆ ನೆನಪಿದೆ? ಬಚ್ಚಲಿನ ಹಂಡೆಗೆ ಕೊನೆಯ ಬಾರಿ ಸೌದೆ ಒಟ್ಟಿದ ದಿನ ಯಾವುದು? ಮಗ ಅಪ್ಪನ ಹೆಗಲೇರಿದ್ದು ಅದೇ ಕೊನೆಯೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಯಾವ ದಿನ ಕೊನೆಯದೆಂದು ತಿಳಿಯದ ಕಾರಣದಿಂದಲೇ ದಿನವೂ ಒಂದು ಚಿತ್ರ ಬೇಕು.

ಕ್ರಮ ಹೇಗೆ?

ಈಗ ಪ್ರತಿ ಕೈಯಲ್ಲಿಯೂ ಮೊಬೈಲ್ ಫೋನ್ ಇದೆ. ಸುರುಳಿಯ ಖರ್ಚು ಇಲ್ಲ. ಚಿತ್ರಗಳಿಗೆ ಬರವಿಲ್ಲ, ಬರವಿರುವುದು ಆಯ್ಕೆಗೆ. ಒಂದೇ ಹುಟ್ಟುಹಬ್ಬಕ್ಕೆ ಇನ್ನೂರು ಚಿತ್ರ ತೆಗೆದು ಒಂದನ್ನೂ ಮತ್ತೆ ನೋಡದಿರುವುದು ಸಂಗ್ರಹವಲ್ಲ, ರಾಶಿ. ದಿನಕ್ಕೆ ಒಂದನ್ನು ಮಾತ್ರ ಉಳಿಸಿಕೊಳ್ಳುವುದೇ ಈ ಅಭ್ಯಾಸದ ತಿರುಳು.

ದೂರ ಹೋಗಬೇಕಾಗಿಲ್ಲ. ಹಿತ್ತಿಲಿನ ಕರಿಬೇವು, ಒಗೆದು ಹರವಿದ ಬಟ್ಟೆ, ಹಪ್ಪಳ ಕಾಯುವ ಹುಡುಗಿ, ಜಗಲಿಯಲ್ಲಿ ಕನ್ನಡಕ ಹುಡುಕುವ ಅಜ್ಜ ಇಷ್ಟು ಸಾಕು. ಬೆಳಗಿನ ಮತ್ತು ಸಂಜೆಯ ಓರೆ ಬಿಸಿಲು ವಸ್ತುಗಳ ಉಬ್ಬುತಗ್ಗುಗಳನ್ನು ಚೆನ್ನಾಗಿ ತೋರಿಸುತ್ತದೆ. ನಡುಹಗಲಿನ ಬಿಸಿಲು ಕಣ್ಣಿನ ಕೆಳಗೆ ಕಪ್ಪು ನೆರಳು ಹಾಕುತ್ತದೆ. ಮನೆಯೊಳಗಾದರೆ ಕಿಟಕಿಯ ಪಕ್ಕದ ಬೆಳಕೇ ಲೇಸು. ವಾರಕ್ಕೊಮ್ಮೆಯಾದರೂ ಒಂದೇ ಜಾಗದಲ್ಲಿ ನಿಂತು ಅದೇ ನೋಟವನ್ನು ತೆಗೆದರೆ, ವರ್ಷ ಕಳೆದ ಮೇಲೆ ಮಳೆಗಾಲ ಬೇಸಿಗೆಗಳು ತಾವಾಗಿಯೇ ಮಾತನಾಡುತ್ತವೆ. ನೆರೆಮನೆಯವರ ಚಿತ್ರಕ್ಕೆ ಅವರ ಒಪ್ಪಿಗೆ ಪಡೆಯುವುದು ಸಜ್ಜನಿಕೆ.

ತಿಂಗಳಿಗೊಮ್ಮೆ ಕೆಲವನ್ನು ಕಾಗದದ ಮೇಲೆ ಅಚ್ಚು ಹಾಕಿಸಿ, ಹಿಂಬದಿಯಲ್ಲಿ ಸೀಸದ ಕಡ್ಡಿಯಿಂದ ದಿನಾಂಕ, ಊರು, ಹೆಸರುಗಳನ್ನು ಬರೆದಿಡಬೇಕು. ಈಗ ‘ಚಿಕ್ಕಮ್ಮ’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಐವತ್ತು ವರ್ಷದ ಮೇಲೆ ಯಾರ ಚಿಕ್ಕಮ್ಮ ಎಂದು ಕೇಳುವವರಿಗೆ ಉತ್ತರ ಹೇಳುವವರು ಇರುವುದಿಲ್ಲ. ಫೋನು ಕೆಟ್ಟರೆ ಅದರೊಂದಿಗೆ ಚಿತ್ರಗಳೂ ಹೋಗುತ್ತವೆ. ಆದ್ದರಿಂದ ಪ್ರತಿಗಳು ಎರಡು ಕಡೆ ಇರಲಿ. ಒಂದು ದಿನ ತಪ್ಪಿದರೆ ವ್ರತಭಂಗವಾಯಿತೆಂದು ಬಿಟ್ಟುಬಿಡಬೇಕಾಗಿಲ್ಲ, ಮರುದಿನ ಮುಂದುವರಿಸಿದರಾಯಿತು.

ಆಲ್ಬಮ್ಮಿನಲ್ಲಿ ಇಲ್ಲದವಳು

ಈ ಕೆಲಸದಲ್ಲಿ ಒಂದು ಅಡಚಣೆ ಮಾತ್ರ ಪ್ರತಿ ಮನೆಯಲ್ಲಿಯೂ ಎದುರಾಗುತ್ತದೆ. ಮೊಮ್ಮಗ ಕ್ಯಾಮರಾ ಹಿಡಿದು ಅಡಿಗೆಮನೆಯ ಹೊಸ್ತಿಲಲ್ಲಿ ನಿಲ್ಲುತ್ತಾನೆ.

“ಅಜ್ಜೀ, ಸ್ವಲ್ಪ ಈ ಕಡೆ ನೋಡು.”

“ಅಯ್ಯೋ, ಈ ಮಾಸಿದ ಸೀರೇಲಿ ಬೇಡ ಕಣೋ. ತಾಳು, ಸೀರೆ ಬದಲಾಯಿಸಿ ಬರ್ತೀನಿ.”

ಅಜ್ಜಿ ಸೀರೆ ಬದಲಾಯಿಸಿ, ಕುಂಕುಮ ತೀಡಿ, ಕೂದಲು ಒಪ್ಪಮಾಡಿಕೊಂಡು ಬಂದು ಗೋಡೆಗೆ ಒರಗಿ ನಿಲ್ಲುತ್ತಾಳೆ. ಚಿತ್ರ ಸೊಗಸಾಗಿ ಬರುತ್ತದೆ. ಆದರೆ ಮೊಮ್ಮಗ ದಿನವೂ ಕಾಣುವ ಅಜ್ಜಿ ಅದರಲ್ಲಿ ಇಲ್ಲ. ಆಕೆ ಈಳಿಗೆಮಣೆಯ ಮುಂದೆ, ಬೆರಳಿಗೆ ಬದನೆಕಾಯಿಯ ಕಲೆ ಹತ್ತಿಸಿಕೊಂಡು, ಏನನ್ನೋ ಗುನುಗುತ್ತ ಕುಳಿತಿದ್ದಳು.

ಎಷ್ಟೋ ಮನೆಗಳಲ್ಲಿ ಹಿರಿಯಳು ತೀರಿಕೊಂಡ ದಿನ ಒಂದು ಚಿತ್ರಕ್ಕಾಗಿ ಬೀರು, ಪೆಟ್ಟಿಗೆಗಳನ್ನೆಲ್ಲ ತಡಕಾಡುತ್ತಾರೆ. ಕೊನೆಗೆ ಸಿಕ್ಕುವುದು ಯಾರದೋ ಮದುವೆಯ ಗುಂಪಿನ ಮೂಲೆಯಲ್ಲಿ ಅರ್ಧ ಮರೆಯಾದ ಮುಖ, ಇಲ್ಲವೆ ರೇಷನ್ ಕಾರ್ಡಿಗೆಂದು ತೆಗೆಸಿದ ಬೆದರಿದ ಮುಖ. ಅದನ್ನೇ ದೊಡ್ಡದು ಮಾಡಿಸಿ, ಗಂಧದ ಹಾರ ಹಾಕಿ ಗೋಡೆಗೆ ತೂಗುಹಾಕುತ್ತಾರೆ. ನಲವತ್ತು ವರ್ಷ ಮನೆಯನ್ನು ನಡೆಸಿದ ಕೈಗಳು ಆ ಚಿತ್ರದಲ್ಲಿ ಕಾಣುವುದಿಲ್ಲ. ಮೊಮ್ಮಕ್ಕಳಿಗೆ ಅವಳು ಹಾಗೆಯೇ, ಬೆದರಿದ ಕಣ್ಣಿನ ಅಪರಿಚಿತಳಾಗಿ ಉಳಿಯುತ್ತಾಳೆ.

ಸೀರೆ ಬದಲಾಯಿಸಲು ಅಜ್ಜಿ ಏಳುವ ಮೊದಲೇ, ಅವಳ ಬೈಗುಳ ತಿನ್ನಬೇಕಾದರೂ ಸರಿ, ಒಂದು ಚಿತ್ರ ತೆಗೆದಿಡುವುದು ಒಳ್ಳೆಯದು. ಆಮೇಲೆ ತೋರಿಸಿ ಅವಳ ಒಪ್ಪಿಗೆ ಪಡೆದರಾಯಿತು. ನಾಳೆ ಬೆಳಗ್ಗೆ ಬಾಗಿಲ ಮುಂದೆ ಹೊಸ ರಂಗವಲ್ಲಿ ಮೂಡುತ್ತದೆ. ಅದರ ಪಕ್ಕದಲ್ಲಿ, ಬಟ್ಟಲು ಹಿಡಿದು ಬಗ್ಗಿದ ಆಕೆಯೂ ಇರುತ್ತಾಳೆ. ಇಬ್ಬರನ್ನೂ ಒಂದೇ ಚಿತ್ರದಲ್ಲಿ ಹಿಡಿಯಲು ಅರೆನಿಮಿಷವೂ ಬೇಡ.