ಕೊಟ್ಟಿಗೆಯ ಗಾಳಿಯೂ ಬಂಡೂರು ಕುರಿಯ ಶ್ವಾಸಕೋಶವೂ

ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆ ಸಾಕುವ ಬಂಡೂರು ಕುರಿಗೆ ಆ ಹೆಸರು ಬಂದುದು ಮಳವಳ್ಳಿ ತಾಲ್ಲೂಕಿನ ಬಂಡೂರು ಗ್ರಾಮದಿಂದ. ಮಳೆಗಾಲದಲ್ಲಿ ಕೊಟ್ಟಿಗೆಯ ಕಿಂಡಿಗಳನ್ನು ಮುಚ್ಚಿದರೆ ಅದಕ್ಕಾಗುವ ಹಾನಿಯನ್ನು ಇಲ್ಲಿ ವಿವೇಚಿಸುತ್ತೇವೆ.

ಮೂತ್ರದಲ್ಲಿನ ಯೂರಿಯಾವನ್ನು ಹಿಕ್ಕೆಯ ಸೂಕ್ಷ್ಮಜೀವಿಗಳ ಯೂರಿಯೇಸ್ ಕಿಣ್ವವು ಒಡೆಯುವುದರಿಂದ ಅಮೋನಿಯಾ ಹುಟ್ಟುತ್ತದೆ. ಈ ಅನಿಲವು ಶ್ವಾಸಮಾರ್ಗದ ತೇವದ ಪೊರೆಯಲ್ಲಿ ಕರಗಿ, ಧೂಳನ್ನು ಹೊರದೂಡುವ ಸೂಕ್ಷ್ಮ ರೋಮಗಳನ್ನು ಕುಂದಿಸುತ್ತದೆ. ಆಗ, ಆರೋಗ್ಯವಂತ ಕುರಿಯ ಗಂಟಲಿನಲ್ಲಿಯೂ ಇರಬಹುದಾದ ಪಾಶ್ಚುರೆಲ್ಲಾ ವರ್ಗದ ಬ್ಯಾಕ್ಟೀರಿಯಗಳು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾವನ್ನು ಉಂಟುಮಾಡಬಲ್ಲವು. ಮುಚ್ಚಿದ ಮನೆಗಳಲ್ಲಿ ಸಾಕುವ ಹಂದಿಗಳಿಗೂ ಇಂತಹುದೇ ಅಪಾಯವುಂಟು.

ಅಮೋನಿಯಾವು ಗಾಳಿಯ ದಶಲಕ್ಷ ಭಾಗಗಳಲ್ಲಿ 25 ಭಾಗವನ್ನು ಮೀರಬಾರದೆಂಬುದು ಸಾಮಾನ್ಯವಾಗಿ ಒಪ್ಪಿದ ಮಿತಿ. ಅನಿಲವು ನೆಲದಿಂದಲೇ ಏಳುವುದರಿಂದ ಮಲಗಿದ ಮರಿಗಳ ಮಟ್ಟಕ್ಕೆ ಬಗ್ಗಿ ಗಾಳಿಯನ್ನು ಪರೀಕ್ಷಿಸಬೇಕು. ಅಲ್ಲಿ ಕಣ್ಣುರಿದರೆ ಮಾಡಿನಡಿಯ ಕಿಂಡಿಗಳನ್ನು ತೆರೆದು, ಒದ್ದೆ ಹಾಸನ್ನು ತೆಗೆದು, ನೆಲವನ್ನು ಒಣಗಿಸತಕ್ಕದ್ದು.